ಹಾಳೆ ಟೊಪ್ಪಿಯೊಳಗಿನ ಕಾಗದ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಾನು ನಿನ್ನ ಮೇಲೆ ರೇಗಿದೆ ಅಂತ ನಿನ್ನಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ರೇಗಿದ್ದಲ್ಲ ಮಾರಾಯ್ತಿ, ತೋಟದ ತುದಿಯಲ್ಲಿ ನಿಂತರೂ ಸಿಗ್ನಲ್ ಸರಿ ಇರಲಿಲ್ಲ, ಗಂಟಲು ತಾನಾಗಿ ಜೋರಾಯಿತು. ಅರ್ಧ ಕೇಳಿಸಿ ಅರ್ಧ ಹಾರಿಹೋದ ಆ ಮಾತನ್ನೇ ಈಗ ಕೂತು ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಇಷ್ಟು. ನಿಮ್ಮ ಕಂಪನಿಯ ಸಮೀಕ್ಷೆ ನೋಡಿ ಒಬ್ಬ ಶಾಸಕರು ತಾವು ಮಾಡಬೇಕೆಂದಿದ್ದ ಕೆಲಸ ಕೈಬಿಟ್ಟರು. ಬಹುಪಾಲು ಜನ ಬೇಡ ಅಂದಿದ್ದರು. "ಜನ ಬೇಡ ಅಂದದ್ದನ್ನ ಬಿಡೋದೇ ಅಲ್ವಾ ಅಪ್ಪ ಪ್ರಜಾಪ್ರಭುತ್ವ?" ಅಂದೆ. ಆಗ ನನಗೆ ಥಟ್ಟನೆ ನೆನಪಾದದ್ದು ನಿನ್ನ ಅಜ್ಜನ ಅಡಿಕೆ ಹಾಳೆಯ ಟೊಪ್ಪಿ. ಅದನ್ನು ಫೋನಿನಲ್ಲಿ ಹೇಳಲಾಗಲಿಲ್ಲ.

ನಮ್ಮ ಗದ್ದೆ ಗೇಣಿಯದು ಅಂತ ನಿನಗೆ ಗೊತ್ತು. ಒಂದೂವರೆ ಎಕರೆ. ಸುಗ್ಗಿ ಮುಗಿದ ಮೇಲೆ ಒಡೆಯರ ಅಂಗಳದಲ್ಲಿ ಗೇಣಿ ಅಳೆದು ಕೊಟ್ಟು ಬಂದರೆ ಉಳಿದ ಭತ್ತ ಮಳೆಗಾಲದ ನಡುವಿಗೇ ಮುಗಿಯುತ್ತಿತ್ತು. ಆಮೇಲೆ ಅದೇ ಮನೆಯಿಂದ ಅಕ್ಕಿ ಸಾಲ. ಸಾಲ ಕೇಳಲು ಹೋಗುತ್ತಿದ್ದದ್ದು ಅಜ್ಜ ಅಲ್ಲ, ಅಜ್ಜಿ. ಕೊಟ್ಟಿಗೆಯ ಪಕ್ಕ ಗೋಣಿಕೊಪ್ಪೆ ಹಾಕಿಕೊಂಡು ನಿಂತಿರಬೇಕು. ಒಳಗಿನವರಿಗೆ ಬಿಡುವಾದಾಗ ಕರೆಯುತ್ತಿದ್ದರು.

1974ರ ಮಾರ್ಚ್ 1ಕ್ಕೆ ಭೂ ಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು. ದೇವರಾಜ ಅರಸರು ಮುಖ್ಯಮಂತ್ರಿ. ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೇ ನಂಬರ್ ಫಾರಂ ತುಂಬಿ ಕೊಟ್ಟರೆ ಟ್ರಿಬ್ಯೂನಲ್ ವಿಚಾರಣೆ ಮಾಡಿ ಅವನ ಹೆಸರಿಗೆ ಮಾಡಬೇಕು. ಎ.ಸಿ. ಸಾಹೇಬರು, ಅಂದರೆ ಅಸಿಸ್ಟೆಂಟ್ ಕಮಿಷನರ್, ಅಧ್ಯಕ್ಷರು, ವಕೀಲರಿಗೆ ಅಲ್ಲಿ ಜಾಗವಿಲ್ಲ. ಆಗ ನನಗೆ ಹತ್ತು ವರ್ಷ. ಅಜ್ಜನಿಗೆ ಅಕ್ಷರ ಬಾರದು, ಹಾಗಾಗಿ ನಮ್ಮ ಮೇಷ್ಟ್ರು ಹೇಳಿಕೊಟ್ಟಂತೆ ಸರ್ವೆ ನಂಬರು, ಚಕ್ಕುಬಂದಿ ಬರೆದವನು ನಾನೇ. ಅಜ್ಜ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಾಳೆ ಟೊಪ್ಪಿಯೊಳಗೆ ಇಟ್ಟುಕೊಂಡರು. ಇಟ್ಟುಕೊಂಡೇ ಗದ್ದೆಗೆ ಹೋದರು, ಸಂತೆಗೆ ಹೋದರು, ಒಡೆಯರ ಮನೆಗೂ ಹೋಗಿ ಬಂದರು. ತಾಲ್ಲೂಕು ಆಫೀಸಿಗೆ ಮಾತ್ರ ಹೋಗಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಒಡೇರು ಇದ್ದಾರಲ್ಲ, ನಮಗೆಂಥಕ್ಕೆ ಅದೆಲ್ಲ?"

ಈಗ ಹೇಳು. ಅವತ್ತು ನೀನು ಟ್ಯಾಬು ಹಿಡಿದು ನಮ್ಮ ಜಗಲಿಗೆ ಬಂದು, "ಯಜಮಾನ್ರೇ, ಈ ಕಾನೂನು ಬೇಕಾ ಬೇಡ್ವಾ?" ಅಂತ ಕೇಳಿದ್ದರೆ ಅಜ್ಜ ಏನು ಹೇಳುತ್ತಿದ್ದರು? "ಬೇಡ" ಅಂತಲೇ. ಪಕ್ಕದ ಮನೆಯವರೂ ಹಾಗೇ. ನಿನ್ನ ಲೆಕ್ಕದಲ್ಲಿ ಊರಿಗೆ ಊರೇ ಬೇಡ ಅಂದ ಹಾಗಾಗುತ್ತಿತ್ತು. ಅದು ಸುಳ್ಳು ಲೆಕ್ಕ ಅಂತ ನಾನು ಹೇಳುವುದಿಲ್ಲ, ಅವರು ಅಂದದ್ದು ಅದೇ ತಾನೇ.

ಅಜ್ಜನದು ಹೇಡಿತನವೂ ಅಲ್ಲ. ಅವರು ಕಾಗೋಡು ನೋಡಿದವರು. ನಮ್ಮದೇ ಸಾಗರ ತಾಲ್ಲೂಕು, 1951. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಒಡೆಯರ ಜೊತೆ ಶುರುವಾದ ತಕರಾರು ಸತ್ಯಾಗ್ರಹವಾಗಿ, ಸಮಾಜವಾದಿ ನಾಯಕ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಆದರೆ ಲೋಹಿಯಾ ದಿಲ್ಲಿಗೆ ಹೋಗಬಹುದು, ಊರಲ್ಲಿ ಉಳಿದವರು ಮಾರನೇ ವರ್ಷ ಯಾರ ಗದ್ದೆ ಉಳಬೇಕು? ಅದನ್ನು ಕಂಡವರ ಬಾಯಲ್ಲಿ "ಬೇಡ" ಅನ್ನುವುದಕ್ಕೆ ಏನೇನು ಅರ್ಥ ಇರುತ್ತದೆ ಅಂತ ನಿಮ್ಮ ಫಾರಂನಲ್ಲಿ ಕಾಲಂ ಇದೆಯಾ?

ಕೊನೆಗೆ ಅಜ್ಜಿ ಒಂದು ಬೆಳಗ್ಗೆ ಒಲೆ ಹಚ್ಚಲಿಲ್ಲ. "ಕೊಟ್ಟು ಬನ್ನಿ, ಬಂದಮೇಲೆ ಗಂಜಿ ಮಾಡ್ತೀನಿ" ಅಂದರು. ಅಷ್ಟೇ. ಅಜ್ಜ ಹೋಗಿ ಕೊಟ್ಟು ಬಂದರು. ಟ್ರಿಬ್ಯೂನಲ್ ದಿನ ಒಡೆಯರು ಅಧಿಕಾರಿಗಳ ಮುಂದೆ ಒಂದೇ ಮಾತು ಕೇಳಿದರಂತೆ: "ನಿಂಗೆ ನಾನು ಏನು ಕಡಿಮೆ ಮಾಡಿದ್ದೆನೋ?" ನಿನ್ನ ದೊಡ್ಡತ್ತೆಯ ಮದುವೆಗೆ ದುಡ್ಡು ಕೊಟ್ಟವರು ಅವರೇ. ಅಜ್ಜ ತಲೆ ಎತ್ತಲಿಲ್ಲ. ಭೂಮಿ ಬಂದ ಮೇಲೂ ಒಡೆಯರ ಮನೆ ಮುಂದೆ ಹಾಯುವಾಗ ಟೊಪ್ಪಿ ಕೈಗೆ ಬರುತ್ತಿತ್ತು.

ರಾಜ್ಯದಲ್ಲಿ ಅಂಥ ಅರ್ಜಿಗಳು ಎಂಟು ಲಕ್ಷದಷ್ಟು ಬಿದ್ದವು. ಅಷ್ಟು ಜನರಿಗೆ ಆಸೆ ಮೊದಲಿಂದಲೂ ಇತ್ತು, ಹೇಳಲು ಬಾಯಿರಲಿಲ್ಲ. ಕಾನೂನು ಬಂದ ಮೇಲೆ ಬಾಯಿ ಬಂತು. ಅರಸರು ಲೆಕ್ಕಾಚಾರವಿಲ್ಲದ ಸಂತರು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಜಾತಿಯ ಬಲ ಬೆನ್ನಿಗಿಲ್ಲದ ಮನುಷ್ಯ, ಹಿಂದುಳಿದವರನ್ನೂ ಗೇಣಿದಾರರನ್ನೂ ಕಟ್ಟಿಕೊಳ್ಳದೆ ಅವರಿಗೆ ಗತಿಯಿರಲಿಲ್ಲ. ಆದರೆ ಆ ಓಟುಗಳು ಎಣಿಸಲು ಸಿಗುವ ಹಾಗೆ ಎಲ್ಲೂ ಇರಲಿಲ್ಲ. ಮಾಡಿಕೊಳ್ಳಬೇಕಿತ್ತು. ಇರುವ ಅಭಿಪ್ರಾಯವನ್ನು ಮಾತ್ರ ಎಣಿಸುವ ನಾಯಕನಿಗೆ ಇದು ಹೊಳೆಯುವುದೇ ಇಲ್ಲ.

ಅರಸರೂ ಒಂದು ಸಮೀಕ್ಷೆ ಮಾಡಿಸಿದರು ಗೊತ್ತಾ? ಹಿಂದುಳಿದ ವರ್ಗಗಳ ಹಾವನೂರು ಆಯೋಗ. 1972ರಲ್ಲಿ ನೇಮಕ, 1975ರಲ್ಲಿ ವರದಿ. ಅಲ್ಲಿ ಕೇಳಿದ್ದು ಯಾವ ಜಾತಿಯವರು ಎಷ್ಟು ಓದಿದ್ದಾರೆ, ಎಷ್ಟು ಜನ ಸರ್ಕಾರಿ ಕೆಲಸದಲ್ಲಿದ್ದಾರೆ ಅಂತ. ಮೀಸಲಾತಿ ಬೇಕಾ ಬೇಡವಾ ಅಂತ ಊರೂರು ಸುತ್ತಿ ಓಟು ಹಾಕಿಸಿದ್ದಲ್ಲ. ನಿನ್ನ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ ಪುಟ್ಟಿ, ಯಾವುದನ್ನು ಕೇಳಿ ಏನನ್ನು ತೀರ್ಮಾನಿಸುತ್ತೀರಿ ಅನ್ನುವುದರ ಮೇಲೆ ನನ್ನ ತಕರಾರು.

ಪ್ರಶ್ನೆ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ರಾಮಕೃಷ್ಣ ಹೆಗಡೆಯವರದನ್ನು ನೋಡು. 1984ರ ಡಿಸೆಂಬರಿನ ಲೋಕಸಭೆ ಚುನಾವಣೆಯಲ್ಲಿ ಅವರ ಜನತಾ ಪಕ್ಷಕ್ಕೆ ಇಲ್ಲಿ 28ರಲ್ಲಿ 4 ಸೀಟು. ಜನರ ವಿಶ್ವಾಸ ಕಳೆದುಕೊಂಡೆ ಅಂತ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಅವರಿಗೆ 224ರಲ್ಲಿ 139 ಕೊಟ್ಟರು. ಮೂರು ತಿಂಗಳಲ್ಲಿ ಜನರ ಮನಸ್ಸು ತಿರುಗಿತು ಅಂತಲ್ಲ. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಅಂತ ಜನ ಬೇರೆ ಮಾಡಿ ನೋಡಿದ್ದರು. ಈಗಿನ ಟಿ.ವಿ. ಸಮೀಕ್ಷೆಗಳ ಕಥೆ ಬಿಡು. 2024ರ ಲೋಕಸಭೆ ಚುನಾವಣೆ ಮುಗಿದ ಜೂನ್ 1ರ ಸಂಜೆ ಎನ್‌ಡಿಎಗೆ 350 ಸೀಟು ದಾಟಿಸಿದವರು ಮೂರು ದಿನ ಕಳೆದು 293 ನೋಡಿದರು.

"ಹಾಗಾದ್ರೆ ನಾಯಕ ತನಗೆ ತೋಚಿದ್ದನ್ನ ಮಾಡ್ಬಹುದಾ?" ಅಂತ ನೀನು ಕೇಳಿದ ಹೊತ್ತಿಗೆ ಲೈನು ಕಟ್ಟಾಯಿತು. ನಿಜ ಹೇಳಬೇಕೆಂದರೆ ಕಟ್ಟಾದದ್ದೇ ಒಳ್ಳೆಯದಾಯಿತು, ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೂ ತಾವು ಮಾಡುತ್ತಿರುವುದು ಸರಿ ಅಂತಲೇ ಇತ್ತು. ಪೇಪರಿನವರ ಬಾಯಿ ಕಟ್ಟಿದ್ದರು, ಎದುರು ಹೇಳುವವರು ಜೈಲಿನಲ್ಲಿದ್ದರು, ಬಲವಂತದ ಸಂತಾನಹರಣದ ಸಿಟ್ಟು ಅವರ ಕಿವಿಗೆ ಬೀಳುವ ದಾರಿಯೇ ಇರಲಿಲ್ಲ. 1977ರ ಲೋಕಸಭೆ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಸೀಟು, ಬಿಹಾರದ 54, ಒಂದನ್ನೂ ಕಾಂಗ್ರೆಸ್ ಗೆಲ್ಲಲಿಲ್ಲ. ಆದರೆ ಕರ್ನಾಟಕ 28ರಲ್ಲಿ 26 ಕೊಟ್ಟಿತು, ಅದರಲ್ಲಿ ನಮ್ಮಂಥವರ ಗದ್ದೆಯ ಪಾಲೂ ಇತ್ತು. ಆ ತುರ್ತು ಪರಿಸ್ಥಿತಿಯ ಕಾಲದಲ್ಲೇ ನಮ್ಮ ಟ್ರಿಬ್ಯೂನಲ್‌ಗಳೂ ನಡೆದವು ಅನ್ನುವುದನ್ನು ನೆನೆದರೆ ಈಗಲೂ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ.

ಅರಸರ ಕಾನೂನಿಗೂ ಕಿವಿ ಮಂದವಿತ್ತು. ಕೆಳಗಿನಕೇರಿಯಲ್ಲಿ ಒಬ್ಬ ವಿಧವೆಗೆ ಇದ್ದದ್ದೇ ಎರಡೆಕರೆ, ಅದನ್ನೂ ಗೇಣಿಗೆ ಕೊಟ್ಟಿದ್ದರು. ಹೋಯಿತು. ದೊಡ್ಡ ಒಡೆಯನೂ ಆ ಅಮ್ಮನೂ ಒಂದೇ ಸಾಲಿಗೆ ಬಂದರು. ಮೊದಲೇ ಮನೆಮನೆ ಕೇಳಿದ್ದರೆ ಇಂಥವು ಗೊತ್ತಾಗುತ್ತಿದ್ದವು. ನನ್ನ ಮಟ್ಟಿಗೆ ಸಮೀಕ್ಷೆ ಉಪಯೋಗಕ್ಕೆ ಬರುವುದು ಇಲ್ಲಿ: ಯಾರಿಗೆ ನೋವಾಗುತ್ತದೆ, ಯಾರು ಹೆದರಿದ್ದಾರೆ, ಯಾರಿಗೆ ಇನ್ನೂ ತಿಳಿಸಿ ಹೇಳಬೇಕು ಅಂತ ತಿಳಿಯುವುದಕ್ಕೆ. ಕೆಲಸ ಮಾಡಬೇಕೋ ಬೇಡವೋ ಅನ್ನುವುದನ್ನು ನಾಯಕನೇ ತೀರ್ಮಾನಿಸಬೇಕು, ತೀರ್ಮಾನಿಸಿ ಸೋಲಲೂ ತಯಾರಿರಬೇಕು. ನಿಮ್ಮ ಶಾಸಕರು ಬೇಡ ಅಂದವರ ಬಾಗಿಲಿಗೆ ಒಮ್ಮೆಯಾದರೂ ಹೋಗಿ ಯಾಕೆ ಅಂತ ಕೇಳಿದರಾ? ಕೇಳಿಲ್ಲದಿದ್ದರೆ ಅವರು ಜನರ ಮಾತು ಕೇಳಿದರು ಅಂತ ನಾನು ಒಪ್ಪುವುದಿಲ್ಲ.

ಅರಸರು ಸೋತರು ಕೂಡ. ಇಂದಿರಾ ಅವರಿಂದ ಬೇರೆಯಾದ ಮೇಲೆ 1980ರ ಜನವರಿ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ರಾಜ್ಯದಲ್ಲಿ ಒಂದು ಲೋಕಸಭಾ ಸೀಟೂ ದಕ್ಕಲಿಲ್ಲ. 27 ಇಂದಿರಾ ಕಾಂಗ್ರೆಸ್ಸಿಗೆ. ಮುಖ್ಯಮಂತ್ರಿ ಕುರ್ಚಿ ಹೋಯಿತು, ಎರಡೂವರೆ ವರ್ಷದೊಳಗೆ ತೀರಿಕೊಂಡರು. ನಿನ್ನ ಅಜ್ಜ ಆ ಸಲ ಯಾರಿಗೆ ಓಟು ಹಾಕಿದರು ಅಂದುಕೊಂಡೆ? ಇಂದಿರಮ್ಮನಿಗೆ! "ಗದ್ದೆ ಕೊಟ್ಟೋಳು ಅವಳೇ ಅಲ್ವನಾ" ಅಂತ ನನ್ನನ್ನೇ ದಬಾಯಿಸಿದರು. ಅಜ್ಜಿ ಯಾರಿಗೆ ಹಾಕಿದರೋ, ಕೇಳಿದರೆ ಹೇಳಲಿಲ್ಲ. ಸಾಯುವವರೆಗೂ ಹೇಳಲಿಲ್ಲ.

ಮುಂದಿನ ಸಲ ಟ್ಯಾಬು ಹಿಡಿದು ಯಾವುದಾದರೂ ಮನೆಗೆ ಹೋದಾಗ ಜಗಲಿಯಲ್ಲಿ ಕೂತವರು ಉತ್ತರ ಕೊಟ್ಟ ಮೇಲೆ ನೀರು ಕೇಳು. ನೀರು ತರುವವರ ಹತ್ತಿರ ಎರಡು ಮಾತಾಡು. ನಿಮ್ಮ ಮ್ಯಾನೇಜರು ಟೈಮಿಲ್ಲ ಅಂದಾರು, ಅನ್ನಲಿ.

ಅಡಿಕೆ ಕೊನೆ ಕೊಯ್ಲು ಶುರುವಾಗಿದೆ, ಆಳು ಸಿಗುತ್ತಿಲ್ಲ. ಅಡಿಕೆ ಸುಲಿಯುವ ಹೊತ್ತಿಗೆ ಬಾ. ಆ ಅರ್ಜಿಗೆ ತಾಲ್ಲೂಕು ಆಫೀಸಿನವರು ಕೊಟ್ಟ ಚೀಟಿ ಪೆಟ್ಟಿಗೆಯಲ್ಲಿದೆ. ಅದೂ ಸ್ವಲ್ಪ ದಿನ ಟೊಪ್ಪಿಯಲ್ಲೇ ಇತ್ತು, ಬೆವರಿಗೆ ಅಕ್ಷರ ಅಳಿಸಿಹೋಗಿದೆ. ನಿನ್ನ ಕಣ್ಣು ಚುರುಕು, ಸರ್ವೆ ನಂಬರು ಓದಲು ಆಗುತ್ತದಾ ನೋಡು.

ನಿನ್ನ
ಅಪ್ಪ