ತಮ್ಮನ ಮಗಳಿಗೆ, ನೋವು ಮತ್ತು ನಂಬಿಕೆಯ ಕುರಿತು

ಚಿ. ಸೌ. ಮಗಳಿಗೆ, ಕೊಪ್ಪಳದಿಂದ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಬಳ್ಳಾರಿಯ ವೈದ್ಯರು ನಿನ್ನ ಕಾಯಿಲೆಯನ್ನು ಫೈಬ್ರೊಮಯಾಲ್ಜಿಯಾ ಎಂದು ಗುರುತಿಸಿ, ಜೊತೆಗೆ ಮಾನಸಿಕ ಆರೋಗ್ಯ ವಿಭಾಗಕ್ಕೂ ಚೀಟಿ ಬರೆದುಕೊಟ್ಟರೆಂದು, ಅಲ್ಲಿಗೆ ಹೋಗದೆ ನೀನು ಅಳುತ್ತ ಮನೆಗೆ ಮರಳಿದೆಯೆಂದು ತಿಳಿಸಿರುವೆ. "ಅವರೂ ನನ್ನನ್ನು ನಂಬಲಿಲ್ಲ" ಎಂದು ನೀನು ಬರೆದ ಮಾತಿಗೆ ಉತ್ತರವಾಗಿ ಈ ಪತ್ರ. ಮನೆಯ ಉಳಿದ ಸಮಾಚಾರವನ್ನು ನಿನ್ನಪ್ಪ ಫೋನಿನಲ್ಲಿ ಹೇಳುತ್ತಾನೆ.

ಎಕ್ಸರೇ, ರಕ್ತಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೂ ಮೈಯೆಲ್ಲ ನೋಯುವುದು, ರಾತ್ರಿಯೆಲ್ಲ ಮಲಗಿ ಎದ್ದರೂ ದಣಿವು ಆರದಿರುವುದು ಈ ಕಾಯಿಲೆಯ ಸ್ವಭಾವ. ಇದರಲ್ಲಿ ನರಮಂಡಲವು ನೋವಿನ ಸಂಕೇತಗಳನ್ನು ಹಿಗ್ಗಿಸಿ ಗ್ರಹಿಸುವುದರಿಂದ, ಬೇರೆಯವರಿಗೆ ಲೆಕ್ಕಕ್ಕೇ ಬಾರದ ಒತ್ತಡವೂ ನಿನಗೆ ನೋವಾಗಿ ತಟ್ಟುತ್ತದೆ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವು ದೇಹಕ್ಕೆ ತಿಳಿಯುವ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು ಎಂದು ಎರಡನ್ನೂ ಸೇರಿಸಿಯೇ ಹೇಳಿತು. ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದೂ ಸೇರಿಸಿತು. ಹಾಗಾಗಿ ಮನಸ್ಸಿನ ವೈದ್ಯರ ಬಳಿಗೆ ಕಳಿಸಿದವರು ನಿನ್ನ ನೋವನ್ನು ಅಲ್ಲಗಳೆದಿಲ್ಲ, ಅದರ ಇನ್ನೊಂದು ಪಾಲಿಗೂ ಚಿಕಿತ್ಸೆ ಸೂಚಿಸಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ನಿನಗೆ ಕೊಟ್ಟ ಅಮಿಟ್ರಿಪ್ಟಿಲಿನ್ ಮಾತ್ರೆ ಖಿನ್ನತೆಯದೆಂದು ಮೊಬೈಲಿನಲ್ಲಿ ಓದಿ ಹೆದರಿರುವೆ. ಆಸ್ಪತ್ರೆಯ ಔಷಧ ಕೊಡುವ ಕಿಟಕಿಯಲ್ಲಿ ಕುಳಿತು ನೌಕರಿ ಮುಗಿಸಿದ ನಾನು ಇದೇ ಹೆದರಿಕೆಯನ್ನು ಅನೇಕರಲ್ಲಿ ಕಂಡಿದ್ದೇನೆ. ಖಿನ್ನತೆಗೆ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ನೋವಿಗೆ ಮತ್ತು ನಿದ್ರೆಗೆ ರಾತ್ರಿ ಹೊತ್ತು ಸಣ್ಣ ಪ್ರಮಾಣ ಸಾಕಾಗುತ್ತದೆ. ಬಾಯಿ ಒಣಗಿದರೆ, ಬೆಳಿಗ್ಗೆ ಮಂಪರು ಬಿಡದಿದ್ದರೆ ವೈದ್ಯರಿಗೆ ಹೇಳು, ನೀನಾಗಿಯೇ ನಿಲ್ಲಿಸಬೇಡ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ದಿನವೂ ನುಂಗುವುದನ್ನು ಮಾತ್ರ ಬಿಡಲೇಬೇಕು. ಈ ಕಾಯಿಲೆಗೆ ಅದರಿಂದ ಹೆಚ್ಚು ಫಲವಿಲ್ಲ, ಜಠರ ಮತ್ತು ಮೂತ್ರಪಿಂಡಗಳಿಗೆ ಕೇಡು.

ಮಾನಸಿಕ ವಿಭಾಗದ ಬಾಗಿಲಲ್ಲಿ ಯಾರಾದರೂ ಕಂಡರೆ ಏನು ಗತಿ ಎಂಬ ನಾಚಿಕೆ ಬಳ್ಳಾರಿಗಂತೂ ಸಲ್ಲದು. 1985ರಲ್ಲಿ ನಿಮ್ಹಾನ್ಸ್‌ನವರು ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಿಗೆ, ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ತಲುಪಿಸುವ ಪ್ರಯೋಗವನ್ನು ಆರಂಭಿಸಿದ್ದು ನಿಮ್ಮ ಜಿಲ್ಲೆಯಲ್ಲೇ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಇನ್ನು ನಿನ್ನ ಸಿಟ್ಟಿನ ವಿಷಯ. ಮಗುವಿನ ಮೇಲೆ ರೇಗಿ, ಆಮೇಲೆ ನಿನ್ನನ್ನೇ ಶಪಿಸಿಕೊಳ್ಳುತ್ತಿರುವೆ. ಮೊದಲು ಇಡೀ ಮನೆಗೆ ರೊಟ್ಟಿ ಬಡಿದು ಹೊಲಿಗೆಗೂ ಕೂರುತ್ತಿದ್ದವಳಿಗೆ ಈಗ ಹಿಟ್ಟು ನಾದುವುದೇ ಕಷ್ಟವೆಂದರೆ, ಆ ಹಳೆಯ ಶಕ್ತಿಗಾಗಿ ದುಃಖವಾಗುವುದು ಸಹಜ. ಅದನ್ನು ದೌರ್ಬಲ್ಯವೆಂದು ನುಂಗಿಕೊಳ್ಳಬೇಡ. ಆದರೆ ಆ ದುಃಖ ನಿನ್ನಿಂದ ಒಂದು ತಪ್ಪು ಮಾಡಿಸುತ್ತಿದೆ. ನೋವು ಕಡಿಮೆಯಿದ್ದ ದಿನ, ಇಷ್ಟು ದಿನ ಬಾಕಿ ಉಳಿದದ್ದನ್ನೆಲ್ಲ ತೀರಿಸುವ ಹಟದಲ್ಲಿ ಬಟ್ಟೆ, ಪಾತ್ರೆ, ಅಟ್ಟ ಎಲ್ಲವನ್ನೂ ತೊಳೆದು ಗುಡಿಸಿ, ಮರುದಿನ ಹಾಸಿಗೆ ಹಿಡಿಯುತ್ತೀ. ಮಲಗಿದ ನಾಚಿಕೆಗೆ ಮತ್ತೆ ಅದೇ ಹಟ. ನೋವು ಏರುವ ಮೊದಲೇ, ಗಡಿಯಾರ ನೋಡಿ ಕೆಲಸ ನಿಲ್ಲಿಸುವುದನ್ನು ಕಲಿ, ಒಳ್ಳೆಯ ದಿನಗಳಲ್ಲಂತೂ ತಪ್ಪದೆ. ಹಾಗೆಯೇ ಕೆಟ್ಟ ದಿನಗಳಲ್ಲಿ ಪೂರ್ತಿ ಮಲಗಬೇಡ. ಬಿಸಿಲೇರುವ ಮುನ್ನ ಓಣಿಯ ತುದಿಯವರೆಗಾದರೂ ನಡೆ, ವಾರಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ದೂರ ಹೆಚ್ಚಿಸು. ಈ ಕಾಯಿಲೆಗೆ ವೈದ್ಯಶಾಸ್ತ್ರ ಅತ್ಯಂತ ಒತ್ತಿ ಹೇಳುವುದು ವ್ಯಾಯಾಮವನ್ನೇ. ಮೊದಮೊದಲು ನೋವು ತುಸು ಹೆಚ್ಚಬಹುದು, ಅದರಿಂದ ದೇಹದೊಳಗೆ ಏನೋ ಹಾಳಾಯಿತೆಂದು ಗಾಬರಿಯಾಗಬೇಡ.

ನಿಮ್ಮ ಅತ್ತೆಯವರು "ಈ ವಯಸ್ಸಿಗೆ ಏನು ನೋವು" ಎನ್ನುವುದನ್ನು ವಾದದಿಂದ ಬದಲಿಸುವುದು ಕಷ್ಟ. "ನನಗೆ ಆಗುವುದಿಲ್ಲ" ಎನ್ನುವ ಬದಲು, "ಅಡುಗೆ ನಾನು ಮಾಡುತ್ತೇನೆ, ನೀರಿನ ಕೊಡ ಮಾತ್ರ ಬೇರೆಯವರು ಎತ್ತಲಿ" ಎಂದು ಖಚಿತವಾಗಿ ಕೇಳು. ಅಳಿಯಂದಿರನ್ನು ಮುಂದಿನ ಭೇಟಿಗೆ ಕರೆದೊಯ್ದು, ಕಾಯಿಲೆಯ ವಿವರವನ್ನು ವೈದ್ಯರ ಬಾಯಿಂದಲೇ ಕೇಳಿಸು. ನಿನ್ನ ಪರವಾಗಿ ಅವರು ತಾಯಿಗೆ ಹೇಳುವುದೇ ಹೆಚ್ಚು ಸರಿ.

"ಬದುಕೇ ಸಾಕೆನಿಸುತ್ತದೆ" ಎಂದು ಪತ್ರದ ಕೊನೆಗೆ ಬರೆದು ಹೊಡೆದುಹಾಕಿರುವೆ. ಹೊಡೆದುಹಾಕಿದರೂ ನಾನು ಓದಿದ್ದೇನೆ. ಆ ಯೋಚನೆ ಮತ್ತೆ ಬಂದರೆ ಆ ಕ್ಷಣವೇ ಗಂಡನಿಗೆ ಹೇಳು, ಇಲ್ಲವೆ ಎಷ್ಟು ಹೊತ್ತಾಗಿದ್ದರೂ ನನಗೆ ಫೋನು ಮಾಡು. ಮನೆಯವರಿಗೆ ಹೇಳಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ. ಹಗಲಿರುಳು ತೆರೆದಿರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಮುಂದೆಯೂ ಈ ಮಾತನ್ನು ಮುಚ್ಚಿಡಬೇಡ. ಮಾನಸಿಕ ವಿಭಾಗದ ಆ ಚೀಟಿಯನ್ನು ಹರಿದು ಹಾಕಿಲ್ಲ ತಾನೆ? ಹರಿದಿದ್ದರೂ ಅಡ್ಡಿಯಿಲ್ಲ, ಈ ವಾರವೇ ಹೋಗಿ ಬಾ. ಜೊತೆಗೆ ಬರಲು ಯಾರೂ ಇಲ್ಲದಿದ್ದರೆ ತಿಳಿಸು, ನಾನೇ ಬೆಳಗಿನ ಬಸ್ಸು ಹಿಡಿದು ಬರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ