ಹ್ಯಾಂಡ್‌ಗನ್ (ಪಿಸ್ತೂಲ್, ರಿವಾಲ್ವರ್) ಕೊಳ್ಳುವ ನಮ್ಮ ಕನ್ನಡದ ಗ್ರಾಹಕರಿಗೆ: ಜನವರಿಯಿಂದ ಬದಲಾದ ನಿಯಮ

ವಾಷಿಂಗ್ಟನ್ ರಾಜ್ಯ, ಜನವರಿ 2024

ಆತ್ಮೀಯರೇ,

ನಮಸ್ಕಾರ. 2024ರ ಜನವರಿ 1ರಿಂದ ನಮ್ಮ ರಾಜ್ಯದಲ್ಲಿ ಗನ್ ಮಾರಾಟದ ನಿಯಮ ಬದಲಾಗಿದೆ. ಅರ್ಜಿ ಹಾಕಿ 10 ಕೆಲಸದ ದಿನ ಕಳೆಯುವವರೆಗೆ ಯಾವ ಗನ್ನನ್ನೂ ನಾವು ಕೈಗೆ ಕೊಡುವಂತಿಲ್ಲ. ಕನ್ಸೀಲ್ಡ್ ಪಿಸ್ತೂಲ್ ಲೈಸೆನ್ಸ್ (ಪಿಸ್ತೂಲನ್ನು ಕಾಣದಂತೆ ಒಯ್ಯುವ ಪರವಾನಗಿ) ಇದ್ದವರೂ ಕಾಯಬೇಕು. "ಎಫ್‌ಬಿಐ ಚೆಕ್ ಇದೆಯಲ್ಲ, ಮತ್ತೆ ರಾಜ್ಯದ್ದು ಯಾಕೆ?" ಅಂತ ಸುಮಾರು ಜನ ಕೇಳುತ್ತಿದ್ದೀರಿ. ಚೆಕ್ ಅಂದರೆ ಕೊಳ್ಳುವವರ ಹಿನ್ನೆಲೆಯ ತಪಾಸಣೆ. ಅದಕ್ಕೇ ಈ ಪತ್ರ.

ಅಂಗಡಿಯವರು ಚೆಕ್ ಮಾಡಿಸದೆ ಮಾರಬಾರದು ಅನ್ನುವುದು ಫೆಡರಲ್ (ಇಡೀ ದೇಶದ) ಕಾನೂನು, 1993ರ ಬ್ರೇಡಿ ಕಾಯ್ದೆ. ಅದಕ್ಕಾಗಿ ಎಫ್‌ಬಿಐ 1998ರಿಂದ ನಿಕ್ಸ್ (NICS) ಅನ್ನುವ ತಪಾಸಣಾ ವ್ಯವಸ್ಥೆ ನಡೆಸುತ್ತಿದೆ. ಅಲ್ಲಿಂದ 3 ಕೆಲಸದ ದಿನದೊಳಗೆ ಉತ್ತರ ಬಾರದಿದ್ದರೆ ಮಾರುವುದಕ್ಕೆ ಆ ಕಾನೂನಿನ ಅಡ್ಡಿಯಿಲ್ಲ. ಆದರೆ ರಾಜ್ಯಗಳು ಇದಕ್ಕಿಂತ ಬಿಗಿ ನಿಯಮ ಮಾಡಬಹುದು. ನಮ್ಮ ರಾಜ್ಯ ಮಾಡಿದೆ. ಇಲ್ಲಿ "ಅರ್ಹರು" ಅನ್ನುವ ಉತ್ತರ ಬಂದರೆ ಮಾತ್ರ ಮಾರಾಟ.

ಮೊದಲು ಹ್ಯಾಂಡ್‌ಗನ್ ಅರ್ಜಿ ಊರಿನ ಪೊಲೀಸರಿಗೋ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿಗೋ ಹೋಗುತ್ತಿತ್ತು. ಈಗ ಎಲ್ಲವೂ ಸ್ಟೇಟ್ ಪ್ಯಾಟ್ರೋಲ್‌ಗೆ (ರಾಜ್ಯದ ಪೊಲೀಸರಿಗೆ) ಹೋಗುತ್ತದೆ. ಅವರು ನಿಕ್ಸ್ ಜೊತೆಗೆ ರಾಜ್ಯದ ಕೋರ್ಟ್ ದಾಖಲೆ, ಆರೋಗ್ಯ ಇಲಾಖೆಯ ದಾಖಲೆಗಳನ್ನೂ ನೋಡುತ್ತಾರೆ. ಅದರ ಶುಲ್ಕ 18 ಡಾಲರ್.

ದಿನ ಎಣಿಸುವಾಗ ಶನಿವಾರ, ಭಾನುವಾರ, ಸರ್ಕಾರಿ ರಜೆ ಬಿಡಬೇಕು. ಜನವರಿ 8ರ ಸೋಮವಾರ ಅರ್ಜಿ ಹಾಕಿದ್ದೀರಿ ಅಂದುಕೊಳ್ಳಿ. 15ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ರಜೆ. ಹಾಗಾಗಿ 23ಕ್ಕೆ 10 ದಿನ ಆಗುತ್ತದೆ. ನೀವು 24ಕ್ಕೆ ಬನ್ನಿ.

ಪಕ್ಕದ ಐಡಾಹೊ ರಾಜ್ಯದಲ್ಲಿ ಕಾಯುವ ನಿಯಮ ಇಲ್ಲ, ಅಲ್ಲೇ ಕೊಂಡರೆ ಆಗಲ್ವಾ? ಆಗುವುದಿಲ್ಲ. ಬೇರೆ ರಾಜ್ಯದ ನಿವಾಸಿಗೆ ಅಂಗಡಿಯವರು ಹ್ಯಾಂಡ್‌ಗನ್ ಕೊಡಬಾರದು ಅನ್ನುವುದು ಫೆಡರಲ್ ನಿಯಮ. ಅದು ನಿಮ್ಮ ರಾಜ್ಯದ ಅಂಗಡಿಗೇ ಬರಬೇಕು. ಬಂದ ಮೇಲೆ ಇಲ್ಲಿನ ಚೆಕ್, ಇಲ್ಲಿನ 10 ದಿನ. ಸ್ನೇಹಿತರಿಂದ ಕೊಂಡರೂ ಅಷ್ಟೇ. ಫೆಡರಲ್ ಕಾನೂನು ಅದಕ್ಕೆ ಚೆಕ್ ಕೇಳುವುದಿಲ್ಲ, ನಮ್ಮ ರಾಜ್ಯ 2014ರ ಜನಮತಗಣನೆಯ ನಂತರ ಕೇಳುತ್ತಿದೆ.

ಎಚ್-1ಬಿ (ತಾತ್ಕಾಲಿಕ ಕೆಲಸದ) ವೀಸಾದಲ್ಲಿರುವವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಗನ್ ಕೊಳ್ಳುವಾಗ ನೀವು ತುಂಬುವ ಫೆಡರಲ್ ಫಾರ್ಮ್ 4473ರಲ್ಲಿ ವೀಸಾ ಬಗ್ಗೆ ನೇರ ಪ್ರಶ್ನೆ ಇದೆ. ಎಚ್-1ಬಿಯಂಥ ನಾನ್-ಇಮಿಗ್ರೆಂಟ್ (ತಾತ್ಕಾಲಿಕ) ವೀಸಾದವರು ಗನ್ ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ತಡೆಯುತ್ತದೆ. ಹಂಟಿಂಗ್ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಅವು ಇದ್ದರೂ ರಾಜ್ಯದ ಪ್ರತ್ಯೇಕ ಲೈಸೆನ್ಸ್ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಸಿಟಿಜನ್ ಆದ ಗೆಳೆಯರ ಹೆಸರಲ್ಲಿ ತೆಗೆಸಿಕೊಳ್ಳುವ ಮಾತು ಮಾತ್ರ ಬೇಡವೇ ಬೇಡ. 2022ರ ಫೆಡರಲ್ ಕಾನೂನಿನಲ್ಲಿ ಅದಕ್ಕೆ 15 ವರ್ಷದವರೆಗೆ ಜೈಲು ಇದೆ. ನಿಮ್ಮ ಕೆಲಸ, ವೀಸಾ, ಗೆಳೆಯರ ಸಂಸಾರ ಎಲ್ಲಕ್ಕೂ ಪೆಟ್ಟು.

ಕಾಯುವುದು ಬೇಸರದ ಕೆಲಸ, ಒಪ್ಪುತ್ತೇವೆ. ಆದರೂ ಈ ನಿಯಮ ನಮಗೆ ಸರಿ ಅನಿಸಿದೆ. ಅಮೆರಿಕದಲ್ಲಿ ಗನ್ನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ತೀರಾ ನೊಂದ ಗಳಿಗೆಯಲ್ಲಿ ಯಾರಾದರೂ ನಮ್ಮ ಕೌಂಟರ್‌ಗೆ ಬಂದರೆ, ಅದೇ ದಿನ ಅವರ ಕೈಗೆ ಗನ್ ಸಿಗಬಾರದು.

ಬರುವಾಗ ಈಗಿನ ವಿಳಾಸ ಇರುವ ಡ್ರೈವಿಂಗ್ ಲೈಸೆನ್ಸ್ ತನ್ನಿ. ಕಳೆದ 5 ವರ್ಷದೊಳಗೆ ಸುರಕ್ಷತಾ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಕೂಡ ಬೇಕು. ಅದಿಲ್ಲದೆ ಕೊಡಲು ಆಗುವುದಿಲ್ಲ. ಅರ್ಜಿ ತಿರಸ್ಕಾರವಾದರೆ ಗನ್ನಿನ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಚೆಕ್ ಶುಲ್ಕ ಮಾತ್ರ ಹಿಂದೆ ಬರುವುದಿಲ್ಲ.

ಇಂತಿ,
ನಿಮ್ಮ ಅಂಗಡಿಯವರು