ಪಾಂಡವರ ಗುಡಿಗಳಲ್ಲಿ ಮೂರಾದರೂ ಉಳಿಯಲಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಕೋಲಾರ ಜಿಲ್ಲೆಯ ನಿಮ್ಮ ಕ್ಷೇತ್ರದಿಂದಲೇ ಬರೆಯುತ್ತಿದ್ದೇನೆ. 6 ವರ್ಷದಲ್ಲಿ 11 ಅರ್ಜಿ ಕೊಟ್ಟಿದ್ದೇನೆ. ಎಲ್ಲದರ ನಕಲಿಗೂ ಸೀಲು ಬಿದ್ದಿದೆ, ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ: ನಮ್ಮೂರ ಗುಡ್ಡದ ಮೇಲೆ ಉಳಿದಿರುವ ಪಾಂಡವರ ಗುಡಿಗಳನ್ನು ಜೆಸಿಬಿ ಮುಟ್ಟದ ಹಾಗೆ ಮಾಡಿ.

ಸುತ್ತ ಚಪ್ಪಡಿ ನಿಲ್ಲಿಸಿ, ಮೇಲೊಂದು ದೊಡ್ಡ ಬಂಡೆ ಹೊದಿಸಿದ ಕಲ್ಲಿನ ಕೋಣೆಗಳು ಅವು. ಒಂದು ಚಪ್ಪಡಿಯಲ್ಲಿ ದುಂಡನೆ ಕಿಂಡಿ ಇರುತ್ತದೆ. ಚಿಕ್ಕವಳಿದ್ದಾಗ ಕುರಿ ಮೇಯಿಸುವಾಗ ಮಳೆ ಬಂದರೆ ಆ ಕಿಂಡಿಯಲ್ಲೇ ನುಸುಳಿ ಒಳಗೆ ಕೂರುತ್ತಿದ್ದೆವು. ನಮ್ಮ ಕಡೆ ಕಬ್ಬಿಣ ಬಳಕೆಗೆ ಬಂದ ಕಾಲದವರ ಗೋರಿಗಳು ಅಂತ ಆಮೇಲೆ ಗೊತ್ತಾಯಿತು, ಎರಡು ಸಾವಿರ ವರ್ಷಕ್ಕೂ ಹಳೆಯವು. ನಾನು ಮೊದಲ ಅರ್ಜಿ ಬರೆದಾಗ 14 ಇದ್ದವು. ಈಗ 3 ಇವೆ.

2 ವರ್ಷದ ಹಿಂದೆ ಯುಗಾದಿ ಕಳೆದ ವಾರ ಏನಾಯಿತು ಅಂತ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಕಲ್ಲು ಒಡೆಯುವವರ ಜೆಸಿಬಿ ಒಂದು ಗುಡಿಯ ಮೇಲಿನ ಬಂಡೆಯನ್ನು ಎತ್ತಿ ಬಿಸಾಡಿತು. ಒಳಗೆ ಅರ್ಧ ಕಪ್ಪು ಅರ್ಧ ಕೆಂಪು ಬಣ್ಣದ ಮಡಕೆಗಳು, ತುಕ್ಕು ಹಿಡಿದ ಒಂದು ಕಬ್ಬಿಣದ ತುಂಡು, ಮೂಳೆಗಳು, ಹಲ್ಲಿದ್ದ ಒಂದು ದವಡೆ. ನಾನು ಓಡಿ ಹೋಗಿ ಯಂತ್ರದ ಮುಂದೆ ನಿಂತೆ. ಮಧ್ಯಾಹ್ನ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಇಳಿದವರೇ ಕೇಳಿದ್ದು ಒಂದೇ ಮಾತು: "ಚಿನ್ನ ಗಿನ್ನ ಏನಾದ್ರೂ ಇತ್ತೇನಮ್ಮ?" ಇಲ್ಲ ಸಾರ್ ಅಂದೆ. ಮೂಳೆಗಳನ್ನೆಲ್ಲ ಯೂರಿಯಾ ಚೀಲಕ್ಕೆ ತುಂಬಿಸಿ, ಕೆರೆ ಕಟ್ಟೆಗೆ ಹೊಡೆಯುತ್ತಿದ್ದ ಮಣ್ಣಿನ ಟ್ರ್ಯಾಕ್ಟರ್‌ಗೆ ಹಾಕಿಸಿ ಹೊರಟುಹೋದರು. ಪಂಚನಾಮೆ ಇಲ್ಲ, ಒಂದು ಫೋಟೋ ಇಲ್ಲ. ಸತ್ತವರನ್ನು ಯಾರಾದರೂ ಹೀಗೆ ನಡೆಸಿಕೊಳ್ಳುತ್ತಾರಾ ಸ್ವಾಮಿ? ಆ ಕಟ್ಟೆಯ ಮೇಲೆ ನಡೆಯುವಾಗ ಇವತ್ತಿಗೂ ನನಗೆ ಕಾಲು ಎತ್ತಿಡಲು ಆಗುವುದಿಲ್ಲ.

ನನ್ನ ಕೈಗೆ ಉಳಿದದ್ದು ಒಂದು ದವಡೆ ಹಲ್ಲು. ಮೇಲ್ಭಾಗ ಸವೆದು ಚಪ್ಪಟೆಯಾಗಿದೆ. ಬೇರು ಎರಡೂ ಗಟ್ಟಿಯಾಗಿವೆ. ಮಣ್ಣಾಗಿತ್ತು ಅಂತ ನಲ್ಲಿ ನೀರಲ್ಲಿ ತಿಕ್ಕಿ ತೊಳೆದು ಕುಂಕುಮದ ಭರಣಿಯಲ್ಲಿ ಇಟ್ಟೆ. ತೊಳೆಯಬಾರದಿತ್ತು. ಬರಿಗೈಯಲ್ಲಿ ಮುಟ್ಟಲೂ ಬಾರದಿತ್ತು. ನಮ್ಮ ಬೆವರು, ಎಂಜಲು ಸೋಕಿದರೆ ನಮ್ಮ ಡಿಎನ್‌ಎ ಅದಕ್ಕೆ ಬೆರೆತುಹೋಗುತ್ತದೆ, ನೀರು ಬಿದ್ದರೆ ಒಳಗಿರುವುದೂ ಹಾಳಾಗುತ್ತದೆ. ಹೇಳಿಕೊಡುವವರು ಯಾರೂ ಇರಲಿಲ್ಲ.

ಹಲ್ಲಿನ ಬಗ್ಗೆ ಯಾಕಿಷ್ಟು ಅಂದರೆ, ಅದಕ್ಕೆ ನಮ್ಮ ಮನೆಯದೇ ಒಂದು ಕಥೆ ಇದೆ. ನನ್ನ ಮಗ ಕಾಲೇಜಿನಲ್ಲಿ ರಕ್ತದಾನ ಮಾಡಲು ಹೋದಾಗ ಅವನಿಗೆ ಹೆಪಟೈಟಿಸ್ ಬಿ, ಅಂದರೆ ಲಿವರ್‌ಗೆ ತಗಲುವ ಒಂದು ವೈರಸ್ ಕಾಯಿಲೆ, ಇರುವುದು ಗೊತ್ತಾಯಿತು. ಆಮೇಲೆ ನನ್ನನ್ನೂ, ನನ್ನ ತಾಯಿಯನ್ನೂ ಪರೀಕ್ಷೆ ಮಾಡಿದರು. ಮೂವರಿಗೂ ಇತ್ತು. ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ, ಹಾಗೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ ಅಂದರು ಡಾಕ್ಟರು. ಮೊಮ್ಮಗನಿಗೆ ಹುಟ್ಟಿದ ದಿನವೇ ಲಸಿಕೆ ಹಾಕಿಸಿದೆವು. ಅವತ್ತಿನಿಂದ ಈ ವೈರಸ್ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಬಂದೆ.

ಜನ ಎಲ್ಲಿಗೆ ವಲಸೆ ಹೋದರೂ ಈ ವೈರಸ್ ಅವರ ರಕ್ತದಲ್ಲೇ ಜೊತೆಗೆ ಹೋಗುತ್ತದೆ. ಸತ್ತ ಮೇಲೆ ಅದರ ಡಿಎನ್‌ಎ ಚೂರುಗಳು ಹಲ್ಲಿನೊಳಗೆ ಸಾವಿರಾರು ವರ್ಷ ಉಳಿಯಬಹುದು, ಏಕೆಂದರೆ ಬದುಕಿದ್ದಾಗ ಹಲ್ಲಿನ ಒಳಗೂ ರಕ್ತ ಹರಿಯುತ್ತಿರುತ್ತದೆ. 2021ರಲ್ಲಿ ವಿಜ್ಞಾನಿಗಳು ಹೀಗೆ ಹಳೆಯ ಅಸ್ಥಿಗಳಿಂದ 137 ಹೆಪಟೈಟಿಸ್ ಬಿ ವೈರಸ್‌ಗಳ ಡಿಎನ್‌ಎ ಓದಿದರು. ಅತಿ ಹಳೆಯದು ಸುಮಾರು 10,500 ವರ್ಷದ್ದು. ಯುರೋಪಿಗೆ ಬೇಸಾಯ ತಂದ ಜನ ತಮ್ಮ ಜೊತೆ ಬೇರೆ ವಂಶದ ವೈರಸ್ಸನ್ನೂ ತಂದರು, ಅಲ್ಲಿನ ಬೇಟೆಗಾರರಲ್ಲಿದ್ದ ಹಳೆಯ ವಂಶ ಕ್ರಮೇಣ ಮರೆಯಾಯಿತು. ಅಮೆರಿಕಕ್ಕೆ ಮೊದಲು ಕಾಲಿಟ್ಟವರು ಕೂಡ ತಮ್ಮದೇ ಒಂದು ಕವಲನ್ನು ಒಯ್ದಿದ್ದರು. ಬರಹವೇ ಇಲ್ಲದ ಕಾಲದವರು ಎಲ್ಲಿಂದ ಬಂದರು, ಯಾರ ಜೊತೆ ಬೆರೆತರು ಅನ್ನುವುದಕ್ಕೆ ಒಂದು ಕಾಯಿಲೆ ಸಾಕ್ಷಿ ಹೇಳುತ್ತಿದೆ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಗೆ ಈ ಕಾಯಿಲೆ ಯಾವ ಅಜ್ಜಿಯಿಂದ ಬಂತೋ, ಆ ಅಜ್ಜಿಯ ಅಜ್ಜಿ ಯಾವ ದಾರಿಯಲ್ಲಿ ನಡೆದು ಬಂದಳೋ ಅಂತ ಯೋಚಿಸುತ್ತಾ ಕೂತಿದ್ದೆ.

ನಮ್ಮ ಬಿಸಿಲಿಗೆ ಡಿಎನ್‌ಎ ಬೇಗ ಹಾಳಾಗುತ್ತದೆ. ಹರಿಯಾಣದ ರಾಖಿಗಢಿ ಅನ್ನುವ ಸಿಂಧೂ ನಾಗರಿಕತೆಯ ಹಳೆಯ ಊರಿನಲ್ಲಿ ಹತ್ತಾರು ಮಾದರಿ ಪರೀಕ್ಷಿಸಿದ ಮೇಲೆ ಒಬ್ಬಳು ಹೆಂಗಸಿನ ಡಿಎನ್‌ಎ ಸಿಕ್ಕಿತು, 2019ರಲ್ಲಿ ಅದು ಪ್ರಕಟವಾಯಿತು. ಹತ್ತಾರರಲ್ಲಿ ಒಂದು! ಹಾಗಿರುವಾಗ ಒಂದು ಚೀಲ ಮೂಳೆಯನ್ನು ಕಟ್ಟೆಗೆ ಸುರಿದರೆ ಏನು ಕಳೆದುಹೋಯಿತು ಅಂತ ನೀವೇ ಲೆಕ್ಕ ಹಾಕಿ. ಚಿನ್ನ ಇತ್ತಾ ಅಂತ ಕೇಳಿದರಲ್ಲ, ಅದಕ್ಕಿಂತ ಜಾಸ್ತಿ ಬೆಲೆಯದು ಆ ಚೀಲದಲ್ಲಿತ್ತು.

ಕಾಯ್ದೆ ನಿಮಗೆ ಗೊತ್ತಿರುವುದೇ. ಪುರಾತನ ಸ್ಮಾರಕಗಳಿಗೆ ಅಂತಲೇ ರಾಜ್ಯದ್ದು 1961ರದ್ದು ಇದೆ, ಕೇಂದ್ರದ್ದು 1958ರದ್ದು. ಗುಡ್ಡವನ್ನು ಸಂರಕ್ಷಿತ ಜಾಗ ಅಂತ ಮಾಡಿಸಿ. ಸರ್ವೆ ಮಾಡಿಸಿ, ಬೇಲಿ ಹಾಕಿಸಿ. ತೆಗೆಯಲೇಬೇಕು ಅಂದರೆ ಕೈಗವಸು ಹಾಕಿದ ತಜ್ಞರು ತೆಗೆಯಲಿ, ಜೆಸಿಬಿ ಬೇಡ. 11 ಸಲ ಬರೆದಿದ್ದೂ ಇದನ್ನೇ. ಜೆಸಿಬಿ ಬೇಡ.

ಮೊನ್ನೆ ಗುರುವಾರ ಹೋಗಿ ನೋಡಿದೆ. ಉಳಿದ ಮೂರರಲ್ಲಿ ಒಂದರ ಬಂಡೆಗೆ ಆಗಲೇ ಕುಳಿ ಹೊಡೆದಿದ್ದಾರೆ, ಸಾಲಾಗಿ ಐದು. ಇನ್ನೆರಡು ಹಾಗೇ ಇವೆ. ಮುಂದಿನ ವಾರ ನೀವೇ ಒಂದು ಸಲ ಬನ್ನಿ. ಗುಡ್ಡದ ಬುಡದವರೆಗೂ ಗಾಡಿ ಬರುತ್ತದೆ, ಅಲ್ಲಿಂದ ದಾರಿ ನಾನು ತೋರಿಸುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ ಮಹಿಳೆ